ಮಡಿಲು ತುಂಬಿಸಿಕೊಂಡ ಕಂಪ್ಯೂಟರುಗಳು

ನಮ್ಮ ಸೋದರಮಾವ ಇದುವರೆಗೆ ಎಂಟು ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸಿದ್ದಾರೆ. ಎಂಥ ಪುಣ್ಯಾತ್ಮ ಎಂದು ಕೈಮುಗಿಯುವ ಮೊದಲು ಸ್ವಲ್ಪ ತಡೆಯಿರಿ. ಮಾವನಿಗೆ ಇರುವುದು ಒಬ್ಬನೇ ಮಗ. ಅವನು ದಾವಣಗೆರೆಯಲ್ಲಿ ಪಂಪ್‌ಸೆಟ್ ಮಾರುತ್ತಾನೆ. ನೀರು ಎತ್ತದ ಯಾವ ಯಂತ್ರವನ್ನೂ ಅವನು ಯಂತ್ರವೆಂದು ಒಪ್ಪುವುದಿಲ್ಲ. ನಾನು ಹೇಳುತ್ತಿರುವ ಹೆಣ್ಣುಮಕ್ಕಳಿಗೆ ಪರದೆ ಇದೆ, ಕೀಲಿಮಣೆ ಇದೆ, ಹಿಂದೆ ಉದ್ದಕ್ಕೆ ವೈರಿನ ಜಡೆ ಇದೆ. ಮೊದಲನೆಯವಳಿಗಂತೂ ಕ್ಯಾಸೆಟ್ ತುರುಕುವ ಬಾಯಿಯೂ ಇತ್ತು!

ಮಾವ ಭರಮಸಾಗರದ ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ, ಟಿವಿ ರಿಪೇರಿ ಅಂಗಡಿ ಇಟ್ಟವರು. ಕೂದಲಿಗಿಂತ ತೆಳ್ಳಗಿನ ತಂತಿಯನ್ನೂ ಒಂದೇ ಸಲಕ್ಕೆ ಬೆಸೆಯುತ್ತಿದ್ದರು. ಚಿತ್ರದುರ್ಗದ ಅಂಗಡಿಯವರು ತಮ್ಮಲ್ಲಿ ಆಗದ ಸೂಕ್ಷ್ಮ ಕೆಲಸವನ್ನು ಬಸ್ಸಿನಲ್ಲಿ ಇವರಿಗೆ ಕಳಿಸುತ್ತಿದ್ದರು. ಕೈ ಅಷ್ಟು ಗಟ್ಟಿ. ಮನಸ್ಸು ಮಾತ್ರ ಸಂತೆಗೆ ಬಂದ ಕುರಿಮರಿ! ಇವತ್ತು ಒಂದು ಆಟ ಪ್ರಾಣವಾದರೆ ನಾಳೆ ಅದೇ ಪ್ರಾಣಸಂಕಟ. ಬೆಳಿಗ್ಗೆ ಹೊಗಳಿದ ಕಂಪ್ಯೂಟರನ್ನು ಸಂಜೆ ತೆಗಳುತ್ತಾರೆ. ಹಾಗೆಂದು ಹಳೆಯದನ್ನು ಗುಜರಿಗೆ ಹಾಕುವವರಲ್ಲ, ಮಾರುವವರೂ ಅಲ್ಲ. ಮನೆಯಲ್ಲಿ ಬೆಳೆದದ್ದನ್ನು ಮಾರಲು ಅದೇನು ಮೂಲಂಗಿಯೇ ಎಂದು ಕೇಳುತ್ತಾರೆ. ಅದಕ್ಕೇ ಅವರು ಒಂದು ಸಂಪ್ರದಾಯ ಹುಟ್ಟುಹಾಕಿದರು: ಮಡಿಲು ತುಂಬಿಸಿ ಕಳಿಸುವುದು.

ನಗಬೇಡಿ, ಶಾಸ್ತ್ರದಲ್ಲಿ ಒಂದಿಷ್ಟೂ ಲೋಪವಿಲ್ಲ. ಹೊರಡುವ ಯಂತ್ರವನ್ನು ಮಣೆಯ ಮೇಲೆ ಕೂರಿಸಿ ಹಣೆಗೆ, ಅಂದರೆ ಪರದೆಯ ಮೇಲಂಚಿಗೆ, ಕುಂಕುಮ ಇಡುತ್ತಾರೆ. ಮುಂದೆ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಎಲೆ ಅಡಿಕೆ. ಮೇಲೊಂದು ರವಿಕೆ ಕಣ. ಆ ಕಣ ಆಮೇಲೆ ಮಾನಿಟರಿಗೆ ಧೂಳು ಕೂರದ ಹಾಗೆ ಹೊದಿಕೆಯಾಗುತ್ತದೆ. ಯಂತ್ರ ತೆಗೆದುಕೊಂಡು ಹೋಗುವವರು ಅಂದಿನಿಂದ ಬೀಗರು! ಇದರಲ್ಲಿ ನಷ್ಟ ಆದದ್ದು ನಮ್ಮತ್ತೆಗೆ ಮಾತ್ರ. ಊರವರ ಮದುವೆ, ಸೀಮಂತಗಳಲ್ಲಿ ಅತ್ತೆಗೆ ಬಂದ ಒಳ್ಳೊಳ್ಳೆಯ ಕಣಗಳೆಲ್ಲ ಇವತ್ತು ನಾಲ್ಕು ತಾಲ್ಲೂಕಿನ ಮಾನಿಟರುಗಳ ಮೈಮೇಲಿವೆ. ಅತ್ತೆ ತೊಡುವುದು ಹಳೆಯ ರವಿಕೆ.

ಮೊದಲನೆಯವಳ ಕಥೆ ಕೇಳಿ. ಅದು ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್. ರಿಪೇರಿಗೆ ಬಂದ ಪ್ರತಿ ಟಿವಿಗೂ ಮಾವ ಅದನ್ನು ಸಿಕ್ಕಿಸುತ್ತಿದ್ದರು. ಕೇಳಿದರೆ, ಟಿವಿ ಟೆಸ್ಟ್ ಮಾಡುತ್ತಿದ್ದೇನೆ ಎನ್ನುವುದು. ಎಂಟು ದಿನದ ಟೆಸ್ಟು! ಹೊಸದುರ್ಗದ ಕಡೆಯ ಒಬ್ಬರು ತಮ್ಮ ಟಿವಿಗಾಗಿ ಕಾದು ಕಾದು, ಜಗಳ ಆಡಲೆಂದೇ ತೋಳು ಮಡಿಸಿಕೊಂಡು ಬಂದರು. ಮಾವ ಎರಡನೇ ಜಾಯ್‌ಸ್ಟಿಕ್ಕನ್ನು ಅವರ ಕೈಗಿತ್ತರು. ಮನುಷ್ಯ ಮಧ್ಯಾಹ್ನ ಊಟವನ್ನೂ ಅಲ್ಲೇ ಮಾಡಿ, ಸಂಜೆಯ ಕೊನೆಯ ಬಸ್ಸಿಗೆ ಟಿವಿ ಬಿಟ್ಟು ಬರಿಗೈಯಲ್ಲಿ ಹೋದರು. ಮುಂದಿನ ವಾರ ಟಿವಿ ಒಯ್ದವರು ಹದಿನೈದೇ ದಿನಕ್ಕೆ ಅದನ್ನು ಹೊತ್ತು ತಂದು, ಏನೂ ಕೆಟ್ಟಿಲ್ಲ, ಆದರೂ ಒಮ್ಮೆ ಟೆಸ್ಟ್ ಮಾಡಿಬಿಡಿ ಎಂದರಂತೆ. ಮಾವನಿಗೆ ಅಷ್ಟರಲ್ಲಿ ಆ ಆಟದ ರುಚಿ ಕೆಟ್ಟಿತ್ತು. ಓಡುವುದು, ಹಾರುವುದು, ಅಣಬೆ ತಿನ್ನುವುದು, ಇದೊಂದು ಬಾಳೇ ಎಂದು ವೈರಾಗ್ಯ ಬಂದು, ಮೊದಲ ಮಗಳನ್ನು ಅವರಿಗೇ ಧಾರೆಯೆರೆದರು.

ಆಮೇಲೆ ಬಂದದ್ದು ಕಂಪ್ಯೂಟರು. ಹೊಟ್ಟೆ ಹಿಂದಕ್ಕಿದ್ದ ದಪ್ಪ ಮಾನಿಟರು. ಅದರಲ್ಲಿ ಮಾವ ಮೊದಲು ಕಾರು ಓಡಿಸಿದರು. ತಿರುವು ಬಂದಾಗ ಕುರ್ಚಿಯ ಸಮೇತ ವಾಲುತ್ತಿದ್ದರು. ಎರಡು ಕುರ್ಚಿಗಳ ಕಾಲು ಮುರಿದ ಮೇಲೆ ಕಾರು ಬಿಟ್ಟು ಇಸ್ಪೀಟಿಗೆ ಬಂದರು. ಒಬ್ಬರೇ ಕೂತು ಎಲೆ ಜೋಡಿಸುವ ಇಸ್ಪೀಟು. ಅದೇ ಹೊತ್ತಿಗೆ ಬಾಗೂರಿನಿಂದ ಅತ್ತೆಯ ತಾಯಿ ಬಂದಿಳಿದರು. ಅಳಿಯನ ಮುಂದೆ ಪರದೆಯ ತುಂಬ ಎಲೆಗಳು! ಮಗಳ ಬಾಳು ಹಾಳಾಯಿತೆಂದು ಮುದುಕಿ ಹಜಾರದಲ್ಲೇ ಕುಸಿದು ಕೂತರು. ಮಾವ ಗಾಬರಿಯಾಗಿ, ಇದು ಜೂಜಲ್ಲ, ಎದುರಿಗೆ ಯಾರೂ ಇಲ್ಲ, ತಾನೊಬ್ಬನೇ ಆಡುತ್ತಿದ್ದೇನೆ ಎಂದು ಬಿಡಿಸಿ ಬಿಡಿಸಿ ಹೇಳಿದರು. ಅಜ್ಜಿ ಕಣ್ಣೊರೆಸಿಕೊಂಡು ಕೇಳಿದರು:

"ಜತಿಗೆ ಕುಂತು ಆಡಾಕೂ ಒಬ್ರು ಬರ್ದಂಗೆ ಕೆಟ್ಟೋದೇನಪ್ಪ?"

ಆ ಕಂಪ್ಯೂಟರು ಅದೇ ವಾರ ಹೊಳಲ್ಕೆರೆಯ ಬೀಗರ ಮನೆ ಸೇರಿತು. ಕಳಿಸಿ ಸುಮ್ಮನಾಗುವ ತಂದೆಯೇ ನಮ್ಮ ಮಾವ? ತಿಂಗಳಾಯಿತೆಂದು ಖಾರ ಮಂಡಕ್ಕಿ ಕಟ್ಟಿಸಿಕೊಂಡು ಮಗಳನ್ನು ನೋಡಲು ಹೊರಟರು. ಹೋಗಿ ನೋಡಿದರೆ ಮಾನಿಟರಿನ ಮೇಲೆ ರಾಗಿಹಿಟ್ಟಿನ ಡಬ್ಬ! ಮಾವ ಕಾಫಿಯನ್ನೂ ಮುಟ್ಟಲಿಲ್ಲ. ಮಗಳನ್ನು ಟೆಂಪೋದಲ್ಲಿ ಹಾಕಿಕೊಂಡು ತವರಿಗೆ ಕರೆತಂದರು. ಹೊಳಲ್ಕೆರೆಯವರು ಮೂರು ಸಲ ಫೋನ್ ಮಾಡಿ, ಇನ್ನು ಮೇಲೆ ಅವಳ ತಲೆಯ ಮೇಲೆ ಏನೂ ಹೊರಿಸುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ಮತ್ತೆ ಮಡಿಲು ತುಂಬಿದ್ದು. ಅತ್ತೆಯ ಇನ್ನೊಂದು ಕಣ ಹೋಯಿತು.

ಇಂಟರ್‌ನೆಟ್ ಬಂದ ಮೇಲಂತೂ ಮಾವನನ್ನು ಹಿಡಿಯುವವರೇ ಇಲ್ಲ. ಒಂದು ಪುಸ್ತಕ ನೋಡಿಕೊಂಡು ಭರಮಸಾಗರಕ್ಕೆ ತಾವೇ ಒಂದು ವೆಬ್‌ಸೈಟ್ ಕಟ್ಟಿದರು. ತೆರೆದರೆ ಸಾಕು, ಗಂಟೆ ಬಾರಿಸುತ್ತಿತ್ತು. ಚೆಂಡುಹೂವಿನ ಹಾರ ಎಡದಿಂದ ಬಲಕ್ಕೆ ಓಡುತ್ತಿತ್ತು. ಸುಸ್ವಾಗತ ಎನ್ನುವ ಅಕ್ಷರಗಳು ಕೆಂಪು, ಹಸಿರು, ಹಳದಿಯಲ್ಲಿ ಮಿಣುಕುತ್ತಿದ್ದವು. ಕೆಳಗೆ ಎಷ್ಟು ಜನ ಬಂದರೆಂದು ತೋರಿಸುವ ಲೆಕ್ಕದ ಪೆಟ್ಟಿಗೆ. ಆ ಸಂಖ್ಯೆ ಏರುವುದನ್ನು ನೋಡಿ ಮಾವ ಹಿಗ್ಗಿ ಹೀರೇಕಾಯಿಯಾಗುತ್ತಿದ್ದರು. ಸಂಖ್ಯೆ ಏರಿತೇ ಎಂದು ನೋಡಲು ಅವರು ದಿನಕ್ಕೆ ನಲವತ್ತು ಸಲ ತೆರೆಯುತ್ತಿದ್ದುದರಿಂದಲೇ ಅದು ಏರುತ್ತಿತ್ತು ಎಂದು ಹೇಳುವ ಧೈರ್ಯ ಯಾರಿಗಿತ್ತು?

ಅದೂ ಎಷ್ಟು ದಿನ? ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಇದ್ದಕ್ಕಿದ್ದಂತೆ ಮಾವನಿಗೆ ಜ್ಞಾನೋದಯವಾಯಿತು. ಪಕ್ಕದ ಎಲೆಯವರಿಗೆ ಹೋಳಿಗೆ ತಿನ್ನಲು ಬಿಡದೆ ಉಪದೇಶ: ವೆಬ್ ಪುಟ ಎಂದರೆ ಬಿಳಿ ಹಾಳೆ, ಕರಿ ಅಕ್ಷರ. ಬಣ್ಣವಿಲ್ಲ, ಚಿತ್ರವಿಲ್ಲ. ಹೇಳಬೇಕಾದ್ದನ್ನು ಹೇಳಿ ಬಾಯಿ ಮುಚ್ಚಬೇಕು. ಮನೆಗೆ ಬಂದವರೇ ಹಾರ ಕಿತ್ತರು, ಗಂಟೆ ನಿಲ್ಲಿಸಿದರು, ಲೆಕ್ಕದ ಪೆಟ್ಟಿಗೆ ಒಡೆದರು. ಕೊನೆಗೆ ಉಳಿದದ್ದು ದಿನಕ್ಕೊಂದೇ ಸಾಲು, ಹೊಸದು ಬಂದರೆ ಹಳೆಯದು ಕೆಳಕ್ಕೆ. ಪ್ರತಿದಿನ ಬೆಳಿಗ್ಗೆ ಕೆರೆಯ ಏರಿಗೆ ಹೋಗಿ, ನೀರು ಎಷ್ಟನೇ ಮೆಟ್ಟಿಲಿನಲ್ಲಿದೆ ಎಂದು ನೋಡಿ ಬಂದು ಬರೆಯುವುದು. "ಒಂಬತ್ತನೇ ಮೆಟ್ಟಿಲು. ಗಾಳಿ ಇಲ್ಲ." ಅಷ್ಟೇ! ನೀರಿಲ್ಲದ ಬೇಸಿಗೆಯಲ್ಲಿ ತಿಂಗಳುಗಟ್ಟಲೆ "ಇವತ್ತೂ ಇಲ್ಲ" ಎಂದು ಬರೆದರು. ಬೆಳ್ಳಕ್ಕಿ ಬಂದಿತ್ತು ಎಂದಾದರೂ ಸೇರಿಸಿ ಎಂದು ನಾನೊಮ್ಮೆ ಬೇಡಿಕೊಂಡೆ. ಪುಟದ ಮೇಲೆ ಒಂದು ಹೆಚ್ಚಿನ ಅಕ್ಷರ ಹಾಕಿದರೆ ಓದುವವರ ಕಣ್ಣಿಗೆ ಭಾರ ಎಂದು ಬೈದರು.

ಆದರೆ ನೋಡಿ, ಆ ಪುಟವನ್ನು ಜನ ಓದತೊಡಗಿದರು. ಊರು ಬಿಟ್ಟು ಎಲ್ಲೆಲ್ಲೋ ಇರುವವರು ಬೆಳಿಗ್ಗೆ ಎದ್ದು ಕೆರೆ ಎಲ್ಲಿಗೆ ಬಂತೆಂದು ನೋಡುತ್ತಿದ್ದರು. ಹಿರಿಯೂರಿನಲ್ಲಿ ಟೀಚರಮ್ಮನಾಗಿರುವ ನಾನೂ ಪ್ರಾರ್ಥನೆಯ ಗಂಟೆಗೆ ಮೊದಲು ನೋಡುತ್ತಿದ್ದೆ. ಒಂಬತ್ತು ವರ್ಷ, ಒಂದು ದಿನವೂ ತಪ್ಪಲಿಲ್ಲ. ಯಾವುದರಲ್ಲೂ ನಿಲ್ಲದ ಮಾವ ನಿಂತದ್ದು ಇದೊಂದರಲ್ಲೇ.

ಉಳಿದ ಚಪಲಗಳು ನಡೆದೇ ಇದ್ದವು. ಅಂಗಡಿ ಮುಚ್ಚಿದರು, ಈಗಿನ ಟಿವಿಗಳಲ್ಲಿ ಬೆಸೆಯುವಂಥದ್ದೇ ಇಲ್ಲ, ರುಚಿ ಹೋಯಿತು ಎಂದರು. ಒಂದು ಟ್ಯಾಬ್ಲೆಟ್ ಕೊಂಡು ನನ್ನ ಜೊತೆ ಇಂಟರ್‌ನೆಟ್ಟಿನಲ್ಲಿ ಚದುರಂಗ ಹಿಡಿದರು. ದಿನಕ್ಕೊಂದೇ ನಡೆ. ಒಂದು ದಿನ ತಮ್ಮ ಮಂತ್ರಿಯನ್ನು ತಂದು ನನ್ನ ಪದಾತಿಯ ಬಾಯಿಗೇ ಇಟ್ಟರು. ನನಗೆ ಬೆವರು! ಇದರ ಹಿಂದೆ ಏನೋ ಭಾರೀ ಸಂಚಿದೆ ಎಂದು ಮೂರು ದಿನ ತಲೆ ಕೆಡಿಸಿಕೊಂಡು, ಮಂತ್ರಿಯನ್ನು ಮುಟ್ಟದೆ, ರಾಜನನ್ನು ಓಡಿಸಿಕೊಂಡು ಹೋಗಿ ಸೋತೆ. ಸಂಚು ಏನಾಗಿತ್ತೆಂದು ಕೇಳಿದ್ದಕ್ಕೆ, ದೊಡ್ಡವರ ನಡೆ ನಿನಗೆ ಅರ್ಥವಾಗುವುದಿಲ್ಲ ಬಿಡು ಎಂದರು. ಮರುವಾರವೇ ಚದುರಂಗದ ಮೇಲೆ ಜಿಗುಪ್ಸೆ ಬಂದು ಟ್ಯಾಬ್ಲೆಟ್ ಚಿಕ್ಕಜಾಜೂರಿನ ಬೀಗರ ಪಾಲಾಯಿತು. ನಾನು ಸ್ಟಾಫ್‌ರೂಮಿನಲ್ಲಿ ಈ ಕಥೆ ಹೇಳಿ ಎಲ್ಲರನ್ನೂ ನಗಿಸಿದೆ.

ಹೀಗಿರುವಾಗ ಕಳೆದ ತಿಂಗಳು ಎರಡು ದಿನ ಪುಟದಲ್ಲಿ ಹಳೆಯ ಸಾಲೇ ಇತ್ತು. ಮೂರನೇ ದಿನ ಅತ್ತೆಯ ಫೋನ್. ಮನೆಯಲ್ಲಿ ಉಳಿದಿರುವ ಕೊನೆಯ ಲ್ಯಾಪ್‌ಟಾಪನ್ನೂ, ಪುಟದ ಸಮೇತ, ಕಳಿಸಿಬಿಡುತ್ತಾರಂತೆ. ನಾನು ಎಂದಿನಂತೆ ನಕ್ಕು, ಮುಂದಿನವಳು ಯಾರು ಎಂದು ಕೇಳಿದೆ.

"ಹೊಸದು ಏನೂ ತಂದಿಲ್ಲ ಕಣೆ. ತರಾದೂ ಇಲ್ವಂತೆ. ನೀನೊಂದು ಸಲ ಬಂದೋಗು," ಎಂದರು ಅತ್ತೆ.

ನನ್ನ ನಗು ನಿಂತಿತು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದು ಮಾವನ ಜಾಯಮಾನ. ಇನ್ನೊಂದನ್ನು ಹಿಡಿಯದೆ ಬಿಡುತ್ತಾರೆಂದರೆ? ಆ ಭಾನುವಾರವೇ ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ ಭರಮಸಾಗರಕ್ಕೆ ಹೋದೆ.

ಹೋಗುವಷ್ಟರಲ್ಲಿ ಲ್ಯಾಪ್‌ಟಾಪ್ ಮಣೆ ಏರಿತ್ತು. ಅಕ್ಕಿ, ಕೊಬ್ಬರಿ, ಬೆಲ್ಲ ಎಲ್ಲ ಸಿದ್ಧ. ಈ ಸಲದ ಬೀಗಿತಿ ನಾನೇ ಎಂದು ಗೊತ್ತಾಯಿತು. ವೆಬ್ಬಿನ ರುಚಿಯೂ ಹೋಯಿತು, ಇನ್ನು ಕೆರೆ ನೋಡಿಕೊಂಡು ಸುಮ್ಮನೆ ಇರುತ್ತೇನೆ, ಪುಟವನ್ನು ನೀನು ಬೇಕಾದರೆ ಇಟ್ಟುಕೋ, ಬೇಡವಾದರೆ ಮುಚ್ಚು ಎಂದರು ಮಾವ. ಹಿರಿಯೂರಿನಲ್ಲಿ ಕೂತು ಭರಮಸಾಗರದ ಕೆರೆಯ ಮೆಟ್ಟಿಲು ಎಣಿಸಲು ನನಗೇನು ದಿವ್ಯದೃಷ್ಟಿ ಇದೆಯೇ ಎಂದು ಹಾಸ್ಯ ಮಾಡಿದೆ. ಅವರು ಕುಂಕುಮದ ಬಟ್ಟಲಿಗೆ ಬೆರಳು ಅದ್ದಿದರು.

ಕುಂಕುಮ ಪರದೆಯ ಅಂಚಿನಲ್ಲಿ ಕೂರಲಿಲ್ಲ. ಮೊದಲು ಕೀಲಿಗಳ ಮೇಲೆ ಉದುರಿತು. ಎರಡನೇ ಸಲ ಪರದೆಗೆ ಅಡ್ಡಡ್ಡ ಗೀರಾಯಿತು. ನಾನು ದಡ್ಡಿ, ನಕ್ಕೆ. ಆಮೇಲೆ ಕೈ ನೋಡಿದೆ. ಬಲಗೈ ಒಂದೇ ಸಮನೆ ನಡುಗುತ್ತಿತ್ತು. ಮಾವ ಅದನ್ನು ಟವೆಲ್ಲಿನ ಕೆಳಗೆ ಸರಿಸಿಕೊಂಡರು.

"ಕೈ ಮಾತು ಕೇಳ್ತಿಲ್ಲ ಕಣವ್ವಾ," ಎಂದರು. "ಒಂದು ಒತ್ತಿದ್ರೆ ಇನ್ನೊಂದು ಬೀಳ್ತೈತೆ."

ಅಂಗಡಿ ಮುಚ್ಚಿದ ವರ್ಷವೇ ಶುರುವಾಗಿತ್ತಂತೆ. ದುರ್ಗದ ಡಾಕ್ಟರು ಜೀವಕ್ಕೇನೂ ಭಯವಿಲ್ಲ, ವಯಸ್ಸಿನ ನಡುಕ, ಮಾತ್ರೆಯಿಂದ ಸ್ವಲ್ಪ ಕಡಿಮೆಯಾದೀತು ಎಂದಿದ್ದಾರೆ. ಮೊದಮೊದಲು ಮಾವ ಬಿಟ್ಟದ್ದೆಲ್ಲ ಚಪಲದಿಂದಲೇ, ಅದರಲ್ಲಿ ಅನುಮಾನವಿಲ್ಲ. ಆಮೇಲಿನವು ಹಾಗಲ್ಲ. ಬೆಸುಗೆ ಬಿಟ್ಟದ್ದು, ಚದುರಂಗ ಬಿಟ್ಟದ್ದು ರುಚಿ ಹೋಗಿ ಅಲ್ಲ. ಕೈಲಾಗದವನು ಎನ್ನಿಸಿಕೊಳ್ಳುವುದಕ್ಕಿಂತ ಚಂಚಲ ಎನ್ನಿಸಿಕೊಳ್ಳುವುದೇ ಮೇಲೆಂದು ಅವರು ನಮ್ಮನ್ನೆಲ್ಲ ನಗಲು ಬಿಟ್ಟಿದ್ದರು. ಸ್ಟಾಫ್‌ರೂಮಿನಲ್ಲಿ ಆ ಕಥೆ ಹೇಳಿದ ನನ್ನ ನಾಲಿಗೆಯ ಮೇಲೆ ನನಗೇ ಸಿಟ್ಟು ಬಂತು.

ಮೊಬೈಲಿಗೆ ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದಲ್ಲ ಎಂದೆ. ಅದೂ ಆಗಿತ್ತಂತೆ. ಏರಿಯ ಮೇಲೆ ನಿಂತು ಗಾಳಿಯಲ್ಲಿ ಮೊಬೈಲಿಗೆ ಕೂಗಿದ್ದನ್ನು ನೋಡಿ, ತಮ್ಮನ್ನೇ ಕರೆಯುತ್ತಿದ್ದಾರೆಂದು ಕುರಿ ಕಾಯುವವರು ಕುರಿಗಳ ಸಮೇತ ಓಡಿಬಂದರಂತೆ. ಅವತ್ತೇ ಅದನ್ನೂ ಬಿಟ್ಟರು.

ಇಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದ ಅತ್ತೆ ಬಂದು ಮಣೆಯ ಮುಂದೆ ಕೂತರು. ಮಾವನ ಯಾವ ಯಂತ್ರವನ್ನೂ ಒಂದು ದಿನವೂ ಮುಟ್ಟಿದವರಲ್ಲ. ಸೆರಗಿನಿಂದ ಪರದೆಯ ಕುಂಕುಮ ಒರೆಸಿದರು. ಕಣವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಇವಳ್ನ ಎಲ್ಲಿಗೂ ಕಳ್ಸಾದು ಬ್ಯಾಡ. ಮನೆ ಅಳಿಯನ್ನ ತಂದ್ಕಳಾಣ."

"ಯಾರ್ನ?" ಎಂದರು ಮಾವ.

"ನಾನಿಲ್ವಾ? ನೀವು ಹೇಳ್ರಿ, ನಾನು ಒತ್ತತೀನಿ."

ಕೀಲಿಗಳ ಮೇಲೆ ಕನ್ನಡ ಅಕ್ಷರದ ಚೀಟಿ ಅಂಟಿಸಿ ಕೊಟ್ಟು ನಾನು ಹಿರಿಯೂರಿಗೆ ಬಂದೆ. ಮೊದಲ ದಿನ ಅತ್ತೆ "ಹನ್ನೊಂದನೇ ಮೆಟ್ಟಿಲು" ಎಂದು ಒತ್ತಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಬೇಳೆ ಸೀದುಹೋಗಿತ್ತಂತೆ. ಮಾವ ಪಕ್ಕದಲ್ಲಿ ಕೂತು, ಅಷ್ಟೇ ಸಾಕು, ಒಂದಕ್ಷರ ಹೆಚ್ಚು ಬೇಡ ಎಂದು ಗದರುತ್ತಿದ್ದರಂತೆ. ವಾರದಲ್ಲಿ ಅತ್ತೆಯ ಬೆರಳಿಗೆ ದಾರಿ ಗೊತ್ತಾಯಿತು. ಪುಟ ಮೊದಲಿನ ಹಾಗೇ ಬೆಳಿಗ್ಗೆ ಬೆಳಿಗ್ಗೆ ಬರತೊಡಗಿತು.

ಹತ್ತನೇ ದಿನ ಪ್ರಾರ್ಥನೆಯ ಗಂಟೆಗೆ ಮೊದಲು ತೆರೆದು ನೋಡಿದೆ.

"ಹನ್ನೆರಡನೇ ಮೆಟ್ಟಿಲು. ಗಾಳಿ ಬಹಳ. ಎಷ್ಟು ಹೇಳಿದರೂ ಕೇಳದೆ ಇವರು ಸ್ವೆಟರ್ ಹಾಕಿಕೊಳ್ಳದೆ ಹೋಗಿದ್ದರು."

ಮಕ್ಕಳು ಸಾಲಾಗಿ ನಿಂತಿದ್ದವು, ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಸಂಜೆಯೊಳಗೆ ಮಾವ ಆ ಸಾಲನ್ನು ತೆಗೆಸುತ್ತಾರೆಂದು ನನಗೆ ಖಾತ್ರಿಯಿತ್ತು. ಸಂಜೆ ನೋಡಿದೆ, ಇತ್ತು. ಮರುದಿನ ಹೊಸ ಸಾಲಿನ ಕೆಳಗೂ ಇತ್ತು. ತಾವೇ ದಿನಾ ಓದುವ ಪುಟದಲ್ಲಿ ಅದನ್ನು ಮಾವ ಇವತ್ತಿನವರೆಗೂ ತೆಗೆಸಿಲ್ಲ.