ಐದನೇ ನಂಬರಿನ ಕ್ರೀಮು

ಹಲ್ಲಿನ ಆಸ್ಪತ್ರೆಯ ಕೌಂಟರಿನಲ್ಲಿ ಕೂರುವವಳಿಗೆ ನಗುವ ಯೋಗವೇ ಇಲ್ಲ ಎಂದರೆ ಯಾರು ನಂಬುತ್ತಾರೆ? ಆದರೆ ಕೌಂಟರಕ್ಕನ ಪಾಡು ಅದೇ ಆಗಿತ್ತು. (ರೋಗಿಗಳು ಹಾಗೆ ಕರೆದು ಕರೆದು, ಅವಳ ನಿಜವಾದ ಹೆಸರು ಹಾಜರಿ ಪುಸ್ತಕದೊಳಗೆ ಮಾತ್ರ ಉಸಿರಾಡುತ್ತಿತ್ತು.)

ಹನ್ನೊಂದು ವರ್ಷದಿಂದ ಅವಳು ದಿನಾ ಬೆಳಗ್ಗೆ ಮುಖಕ್ಕೆ ಫೌಂಡೇಶನ್ ಬಳಿಯುತ್ತಿದ್ದಳು. ಹಚ್ಚುತ್ತಿದ್ದಳು ಎಂದರೆ ಸುಳ್ಳಾದೀತು, ಬಳಿಯುತ್ತಿದ್ದಳು. ಮೊದಲು ಹಣೆ, ಆಮೇಲೆ ಕೆನ್ನೆ, ಕೊನೆಗೆ ಮೂಗಿನ ಅಕ್ಕಪಕ್ಕದ ಸಂದುಗಳು. ಅದು ಒಣಗುವವರೆಗೆ ಅವಳನ್ನು ಯಾರೂ ಮಾತಾಡಿಸುವಂತಿಲ್ಲ. ಒಣಗಿದ ಮೇಲೆ ಅವಳು ಯಾರನ್ನೂ ನೋಡಿ ನಗುವಂತಿಲ್ಲ. ನಕ್ಕರೆ ಬಾಯಿಯ ಎರಡು ಬದಿಗೆ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಡುತ್ತಿತ್ತು. ಸಂಜೆಯ ಹೊತ್ತಿಗೆ ಫೋನಿನ ಮೇಲೆ ಅರ್ಧ ಕೆನ್ನೆ, ಕಾಲರಿನ ಮೇಲೆ ಕಾಲು ಗಲ್ಲ, ಅಂಗೈಯಲ್ಲಿ ಒಂದಿಷ್ಟು ಹಣೆ. ಮನೆ ಸೇರುವಾಗ ಅವಳ ಮುಖ ಊರೆಲ್ಲ ಹಂಚಿಹೋಗಿರುತ್ತಿತ್ತು.

ಕೆಲಸಕ್ಕೆ ಸೇರಿದ ಮೊದಲ ವಾರ ಮೊಡವೆ ಕಲೆ ಮುಚ್ಚಲೆಂದು ಶುರುವಾದದ್ದು. ಕಲೆಗಳು ಯಾವತ್ತೋ ಮಾಯವಾಗಿದ್ದವು. ಕಾವಲು ಮಾತ್ರ ಮುಂದುವರಿದಿತ್ತು.

"ನನ್ನ ಸೊಸೆ ಮುಖ ಚೆನ್ನಾಗೇ ಇರಬಹುದು," ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು. "ನಾನಿನ್ನೂ ನೋಡಿಲ್ಲ, ಅಷ್ಟೆ."

ಹೀಗಿರುವಾಗ ಒಂದು ಸೋಮವಾರ ಡಾಕ್ಟರಮ್ಮ ಅವಳನ್ನು ಒಳಗೆ ಕರೆದರು.

"ರಸ್ತೆ ತಿರುವಿನಲ್ಲಿ ದೊಡ್ಡ ಬೋರ್ಡ್ ಹಾಕಿಸ್ತಿದೀನಿ. ನಗ್ತಾ ಇರೋ ಮುಖ ಬೇಕು. ನಿನ್ನದೇ ಹಾಕೋಣ ಅಂತ. ಶನಿವಾರ ಫೋಟೋದವರು ಬರ್ತಾರೆ."

"ನನ್ನದಾ ಮೇಡಂ?"

"ನಿನ್ನದೇ. ಬಾಯ್ತುಂಬ ನಗಬೇಕು. ಆದ್ರೆ..." ಡಾಕ್ಟರಮ್ಮ ಹಲ್ಲು ನೋಡುವ ಕನ್ನಡಿಯಿಂದ ಅವಳ ಕೆನ್ನೆಯ ಕಡೆ ತೋರಿಸಿದರು. "ಬಿರುಕು ಬಿಡಬಾರದು."

ಬಾಗಿಲಿನಷ್ಟು ದೊಡ್ಡ ಮುಖ! ಅವಳ ಇಡೀ ವಂಶದಲ್ಲಿ ಯಾರ ಮುಖವೂ ಅಂಗೈಯಗಲದ ಫೋಟೋ ದಾಟಿರಲಿಲ್ಲ. ಬಸ್ಸಿನಲ್ಲಿ ಹೋಗುವವರು, ಶಾಲೆಗೆ ಹೋಗುವ ಮಕ್ಕಳು, ಮುಖ್ಯವಾಗಿ ಅತ್ತೆ, ಎಲ್ಲರೂ ತಲೆಯೆತ್ತಿ ನೋಡಬೇಕು. ಅದೂ ಅವಳ ಮುಖವನ್ನೇ, ಮುಖದ ಮೇಲಿನ ಗಾರೆಯನ್ನಲ್ಲ. ಅವತ್ತೇ ಫೌಂಡೇಶನ್ ಡಬ್ಬವನ್ನು ಕಪಾಟಿನ ಹಿಂದಕ್ಕೆ ತಳ್ಳಿ, ಹಗುರವಾದ, ಮೈಬಣ್ಣಕ್ಕೆ ಹೊಂದುವ, ದಿನಾ ಹಚ್ಚಬಹುದಾದ ಒಂದು ಕ್ರೀಮಿನ ಮಹಾನ್ವೇಷಣೆಗೆ ಹೊರಟಳು.

ಔಷಧಿ ಅಂಗಡಿಯವನು ಕೊಟ್ಟ ಮೊದಲನೆಯದು ಎಷ್ಟು ಹಗುರವಾಗಿತ್ತೆಂದರೆ, ಹಚ್ಚಿದೆನೋ ಇಲ್ಲವೋ ಎಂಬ ಅನುಮಾನದಲ್ಲಿ ಅವಳು ಮೂರು ಸಲ ಹಚ್ಚಿದಳು. ಎರಡನೆಯದು ಹಚ್ಚಿದಾಗ ಮುಖ ಬೆಳಗಿಟ್ಟ ತಪ್ಪಲೆಯ ಹಾಗೆ ಮಿಂಚಿತು; ಎದುರು ಕೂತ ರೋಗಿ ಅದರಲ್ಲೇ ಕ್ರಾಪು ಸರಿಮಾಡಿಕೊಂಡ. ಮೂರನೆಯದು ಬೂದಿ ಬಣ್ಣ. "ಮೈಗೆ ಹುಷಾರಿಲ್ವಾ ಅಕ್ಕಾ?" ಎಂದು ಹಲ್ಲುನೋವಿನವರೇ ಅವಳನ್ನು ವಿಚಾರಿಸಿಕೊಂಡರು. ಹಚ್ಚಿ ತಿಕ್ಕಿ ತೊಳೆದು, ಮತ್ತೆ ಹಚ್ಚಿ ತಿಕ್ಕಿ ತೊಳೆದು, ಬುಧವಾರದ ಹೊತ್ತಿಗೆ ಕೆನ್ನೆಗಳೆರಡೂ ಕೆಂಪಗೆ ಉರಿಯತೊಡಗಿದವು. ಔಷಧಿ ಅಂಗಡಿಯವನಿಗೂ ಕನಿಕರ ಹುಟ್ಟಿತು. ಎಂಟು ಬಗೆಯ ಪುಟ್ಟ ಸ್ಯಾಂಪಲ್ ಪೊಟ್ಟಣಗಳನ್ನು ಕೈಗಿಟ್ಟು, "ಎರಡು ದಿನ ಮುಖ ಮುಟ್ಟಲೇಬೇಡಿ. ಶನಿವಾರ ಬೆಳಗ್ಗೆ ಇದರಲ್ಲಿ ಸರಿಯಾದದ್ದು ಒಂದೇ ಒಂದು ಹಚ್ಚಿ" ಎಂದ.

ಮುಖ ಮುಟ್ಟದೆ ಎಂಟರಲ್ಲಿ ಸರಿಯಾದದ್ದು ಯಾವುದೆಂದು ತಿಳಿಯುವುದು ಹೇಗೆ? ಅವಳು ಮಂಚದ ಮೇಲೆ ಎಂಟು ಪೊಟ್ಟಣ ಹರಡಿಕೊಂಡು, ಎಂಟು ಜನ್ಮದ ದುಃಖ ಒಟ್ಟಿಗೆ ಬಂದವಳಂತೆ ಕೂತಳು.

ಗಂಡ ಕೆಲಸದಿಂದ ಬಂದ. ಅವನು ಮನೆಗಳಿಗೆ ಬಣ್ಣ ಹೊಡೆಯುವ ಪೇಂಟರ್. ಲೋಕದಲ್ಲಿ ಗೋಡೆಗಳಿವೆ, ಇನ್ನೂ ಗೋಡೆಯಾಗದ ಕೆಲವು ವಸ್ತುಗಳಿವೆ ಎಂದು ನಂಬಿದವನು.

"ಕೆಂಪಗಾಗಿರೋ ಕೆನ್ನೆ ಮೇಲೆ ಯಾರಾದ್ರೂ ಶೇಡ್ ನೋಡ್ತಾರೇನೇ?" ಎಂದ.

"ಮತ್ತೆ ಎಲ್ಲಿ ನೋಡ್ಲಿ? ನಿಮ್ಮ ಕೆನ್ನೆ ಮೇಲಾ?"

"ಗೋಡೆ ಮೇಲೆ ನೋಡು."

"ನಾನಿಲ್ಲಿ ಸಾಯ್ತಾ ಇದೀನಿ, ನಿಮಗೆ ಗೋಡೆ!"

"ಬಾರೇ ಇಲ್ಲಿ. ಈ ಬಣ್ಣ ಯಾವುದು ಗೊತ್ತಾ?"

ಮಲಗುವ ಕೋಣೆಯ ಗೋಡೆಯನ್ನು ಅವಳು ಬೇಸರದಿಂದ ನೋಡಿದಳು. "ಹಾಲು ಜಾಸ್ತಿಯಾದ ಕಾಫಿ."

"ನಿನ್ನ ಮುಖ," ಎಂದ ಅವನು. "ನಿಮ್ಮಪ್ಪನ ಮನೆಗೆ ಬಣ್ಣ ಹೊಡೆಯೋಕೆ ಬಂದಿದ್ನಲ್ಲ, ಮೊದಲನೇ ದಿನ? ಬೆಳಗ್ಗೆ ಮುಖ ತೊಳ್ಕೊಂಡು ಹಾಗೇ ಬಂದು ಬಾಗಿಲು ತೆಗೆದೆ. ಇನ್ನೂ ಏನೂ ಬಳ್ಕೊಂಡಿರಲಿಲ್ಲ. ಆ ಬಣ್ಣ ಕಣ್ಣಲ್ಲೇ ಉಳೀತು. ಮದುವೆಗೆ ಮುಂಚೆ ಮೂರು ದಿನ ಕೂತು ಕಲಸಿದೀನಿ. ಒಂದು ಹನಿ ಹಳದಿ ಹೆಚ್ಚು ಬಿತ್ತು ಅಂತ ಒಂದು ಡಬ್ಬ ಪೂರ್ತಿ ಚೆಲ್ಲಿದೆ."

ಇಷ್ಟು ವರ್ಷ ಆ ಗೋಡೆಗೆ ಬೆನ್ನು ಹಾಕಿಯೇ ಅವಳು ಕನ್ನಡಿ ನೋಡಿಕೊಂಡಿದ್ದಳು.

"ಹೋದ ವರ್ಷ ನಿಮ್ಮ ಆಸ್ಪತ್ರೆಗೂ ಇದನ್ನೇ ಹೊಡೆದೆ. ಕಣ್ಣಿಗೆ ಹಿತವಾಗಿರೋ ಬಣ್ಣ ಹೊಡೀರಿ ಅಂದ್ರು ಡಾಕ್ಟರಮ್ಮ. ನನಗೆ ಗೊತ್ತಿರೋ ಹಿತ ಇದೊಂದೇ."

(ಇಂಥ ಮಾತಾಡುವ ಗಂಡನ ಸಲಹೆಯನ್ನು ಆ ಕ್ಷಣದಲ್ಲಿ ಯಾವ ಹೆಂಡತಿಯೂ ಪರೀಕ್ಷಿಸಿ ನೋಡುವುದಿಲ್ಲ. ಅನಾಹುತಗಳೆಲ್ಲ ಹುಟ್ಟುವುದು ಹೀಗೆಯೇ.)

ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಒಂದರಿಂದ ಎಂಟರವರೆಗೆ ನಂಬರು ಬಿದ್ದವು. ಒಂದೊಂದು ನಂಬರಿನ ಕೆಳಗೆ ಒಂದೊಂದು ಕ್ರೀಮಿನ ಪಟ್ಟಿ. ಪೇಂಟರರ ನಿಯಮ ಸರಳ: ಹಚ್ಚಿದ್ದು ಕಾಣಿಸಿದರೆ ತಪ್ಪು, ಕಾಣಿಸದೇ ಹೋದರೆ ಸರಿ. ಬೆಳಗಿನ ಬಿಸಿಲಿನಲ್ಲಿ ನೋಡಿದರು, ಟ್ಯೂಬ್‌ಲೈಟಿನಲ್ಲಿ ನೋಡಿದರು, ಕಿಟಕಿ ಮುಚ್ಚಿ ನೋಡಿದರು.

"ಗೋಡೆಗೆ ಕ್ರೀಮು, ಸೊಸೆಗೆ ಗಾರೆ," ಎಂದು ಅತ್ತೆ ಬಾಗಿಲಲ್ಲಿ ನಿಂತು ಗೊಣಗಿದರು. "ನಾಳೆ ನನಗೇನು ಬಳೀತೀರೋ, ಹೇಳಿಬಿಡಿ. ಸ್ನಾನ ಮಾಡಿ ಕೂತಿರ್ತೀನಿ."

ಶುಕ್ರವಾರ ಸಂಜೆ ತೀರ್ಪು ಬಂತು. ಐದನೇ ನಂಬರಿನ ಕೆಳಗೆ ಏನೂ ಇರಲಿಲ್ಲ. ಹಚ್ಚಿದವನೇ ಕೈಯಾಡಿಸಿ ಹುಡುಕಿದ, ಸಿಗಲಿಲ್ಲ.

ಶನಿವಾರ ಬೆಳಗ್ಗೆ ಅವಳು ಬಟಾಣಿಯಷ್ಟು ಕ್ರೀಮು ಹಚ್ಚಿಕೊಂಡಳು. ಕನ್ನಡಿ ನೋಡಿ ಮೆಲ್ಲಗೆ ನಕ್ಕಳು. ಬಿರುಕಿಲ್ಲ. ಇನ್ನೂ ಜೋರಾಗಿ ನಕ್ಕಳು. ಊಹೂಂ, ಇಲ್ಲ! ಹೊಸ್ತಿಲು ದಾಟಿದಾಗ ಕೆನ್ನೆಗೆ ಗಾಳಿ ತಾಗಿತು. ಗಾಳಿ ಹೀಗಿರುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

"ಓಹೋ, ನೀನಾ!" ಎಂದರು ಅತ್ತೆ, ಕಣ್ಣಿಗೆ ಕೈ ಅಡ್ಡ ಹಿಡಿದು. "ಚೆನ್ನಾಗೇ ಇದೀಯಲ್ಲೇ. ಮೊದಲೇ ಹೇಳಬಾರದಿತ್ತಾ?"

ಅಷ್ಟು ಸಂತೋಷ ಮೈಗೆ ಒಗ್ಗದೇನೋ. ಆಸ್ಪತ್ರೆಯಲ್ಲಿ ಕೂತು ಐದು ನಿಮಿಷವಾಗಿರಲಿಲ್ಲ, ದವಡೆ ಹಿಡಿದುಕೊಂಡು ಬಂದ ಮುದುಕರೊಬ್ಬರು ಅವಳ ಮುಂದೆಯೇ ನಿಂತು, "ಯಾರಮ್ಮಾ ಒಳಗೆ? ಕೌಂಟರಲ್ಲಿ ಯಾರೂ ಇಲ್ಲ!" ಎಂದು ಕೂಗಿದರು.

"ಇಲ್ಲೇ ಇದೀನಲ್ಲ ತಾತ."

ಗೋಡೆ ಮಾತಾಡಿದ್ದು ಕೇಳಿ ತಾತ ಎರಡು ಹೆಜ್ಜೆ ಹಿಂದೆ ಸರಿದರು. ಹೊಸ ಮುಖ, ಜನಕ್ಕೆ ಗುರುತು ಸಿಗುತ್ತಿಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಳು.

ಹನ್ನೊಂದಕ್ಕೆ ಫೋಟೋದವನು ಬಂದ. ಡಾಕ್ಟರಮ್ಮನ ಬಿಳಿ ಕೋಟು ತೊಡಿಸಿ ಕೌಂಟರಿನ ಹಿಂದಿನ ಗೋಡೆಗೆ ಅವಳನ್ನು ನಿಲ್ಲಿಸಿ, ಎರಡು ದೊಡ್ಡ ದೀಪ ಹಚ್ಚಿದ.

"ಮೇಡಂ, ಮುಖ ಸ್ವಲ್ಪ ಮುಂದೆ ತನ್ನಿ."

"ತಂದಿದೀನಿ."

"ಇನ್ನೂ ಸ್ವಲ್ಪ."

"ಇನ್ನೂ ತಂದ್ರೆ ನಿಮ್ಮ ಕ್ಯಾಮೆರಾ ಒಳಗೇ ಬರ್ತೀನಿ!"

ಅವನು ಕಣ್ಣುಜ್ಜಿಕೊಂಡ. "ನಗಿ, ನಗಿ. ನಕ್ಕಾಗ ನೀವೆಲ್ಲಿದೀರಾ ಅಂತ ಗೊತ್ತಾಗ್ತಿದೆ."

ಹನ್ನೊಂದು ವರ್ಷದ ಬಾಕಿ ನಗುವನ್ನೆಲ್ಲ ಅವಳು ಒಟ್ಟಿಗೆ ನಕ್ಕಳು. ಆಮೇಲೆ ಓಡಿಹೋಗಿ ಕ್ಯಾಮೆರಾದ ಪರದೆಗೆ ಬಗ್ಗಿದಳು. ಮೇಲೆ ಒಂದು ತಲೆಯಷ್ಟು ಕೂದಲು. ಕೆಳಗೆ ಒಂದು ಬಿಳಿ ಕೋಟು. ನಡುವೆ ಗೋಡೆ. ಆ ಗೋಡೆಯಲ್ಲಿ ಎರಡು ಕಣ್ಣು, ಒಂದು ಸಾಲು ಹಲ್ಲು.

ಹಚ್ಚಿದ್ದು ಕಾಣಿಸುತ್ತಿರಲಿಲ್ಲ. ಹಚ್ಚಿಕೊಂಡವಳೂ ಕಾಣಿಸುತ್ತಿರಲಿಲ್ಲ.

"ಮೇಡಂ, ಇನ್ನೊಂದು ಸಲ ತೆಗೆಸಿ," ಎಂದು ಅವಳು ಅಂಗಲಾಚಿದಳು. "ಮನೆಗೆ ಓಡಿಹೋಗಿ ಫೌಂಡೇಶನ್ ತರ್ತೀನಿ. ಕಾಲು ಗಂಟೆ ಸಾಕು! ನಗೋದೂ ಇಲ್ಲ!"

ಡಾಕ್ಟರಮ್ಮ ಫೋಟೋದಿಂದ ಕಣ್ಣು ಕೀಳಲಿಲ್ಲ. "ಹುಚ್ಚಿ, ಸುಮ್ನಿರು. ಎಷ್ಟು ಬೋರ್ಡ್ ನೋಡಿದೀನಿ. ಎಲ್ಲದರಲ್ಲೂ ಮೂಗು, ಕೆನ್ನೆ, ಏನೇನೋ ಅಡ್ಡ ಬರುತ್ತೆ. ಇದರಲ್ಲಿ ನೋಡು, ಹಲ್ಲು ಬಿಟ್ರೆ ಬೇರೇನೂ ಇಲ್ಲ!" ಫೋಟೋದವನ ಕಡೆ ತಿರುಗಿ ಸೇರಿಸಿದರು: "ಆ ಕಣ್ಣೆರಡು, ಆ ಕೂದಲು, ಕೋಟು, ಅವನ್ನೂ ತೆಗೆದುಬಿಡಿ."

ಅಷ್ಟಕ್ಕೇ ಮುಗಿಯಲಿಲ್ಲ. ಇನ್ನು ಮೇಲೆ ಗೋಡೆಯ ಬಣ್ಣ ಬದಲಾಗಕೂಡದು, ಅವಳ ಕ್ರೀಮೂ ಬದಲಾಗಕೂಡದು ಎಂದು ಅಪ್ಪಣೆಯಾಯಿತು. ಬೋರ್ಡು ನೋಡಿ ಬಂದವರಿಗೆ ಕೌಂಟರಿನಲ್ಲೂ ಅದೇ ಕಾಣಬೇಕಲ್ಲ.

ಮುಂದಿನ ಭಾನುವಾರ ಮೂವರೂ ರಸ್ತೆ ತಿರುವಿಗೆ ಹೋದರು. ಹಾಲು ಜಾಸ್ತಿಯಾದ ಕಾಫಿ ಬಣ್ಣದ ಆಕಾಶದಲ್ಲಿ ಬಾಗಿಲಿನಷ್ಟು ಅಗಲದ ಒಂದು ಹಲ್ಲಿನ ಸಾಲು ನಗುತ್ತಿತ್ತು.

"ಶೇಡ್ ನೋಡು," ಎಂದ ಗಂಡ, ಹೆಮ್ಮೆಯಿಂದ. "ಎಲ್ಲೂ ಒಂದು ಪ್ಯಾಚ್ ಇಲ್ಲ. ಫಿನಿಶಿಂಗ್ ಅಂದ್ರೆ ಇದು."

ಅತ್ತೆ ತುಂಬ ಹೊತ್ತು ತಲೆಯೆತ್ತಿ ನೋಡಿದರು. "ಹಲ್ಲೇನೋ ಚೆನ್ನಾಗಿ ಬಂದಿವೆ ಕಣೇ," ಎಂದರು. "ನಿನ್ನ ಮುಖ ಯಾವಾಗ ಹಾಕ್ತಾರೆ?"

ಅವಳಿಗೆ ಅಳು ಬಂತು. ರಸ್ತೆಯ ನಡುವೆಯೇ, ತನ್ನ ನಗುವಿನ ಕೆಳಗೆ ನಿಂತು ಅತ್ತಳು. ಐದನೇ ನಂಬರಿನ ಕ್ರೀಮನ್ನು ಮಾತ್ರ ದೂರುವ ಹಾಗಿರಲಿಲ್ಲ. ಅಷ್ಟು ಅತ್ತರೂ ಒಂದೇ ಒಂದು ಬಿರುಕು ಬಿಡಲಿಲ್ಲ.