ಗುಂಡವ್ವನ ಎದೆಯ ಬಾಗಿಲು ಕಾಯುವವರಲ್ಲಿ ಒಂದು ತಕರಾರು

ಮಾನ್ಯ ಕವಾಟ ಮಹೋದಯರೇ,

ಅಗರಖೇಡದ ನನ್ನ ದೊಡ್ಡವ್ವ ಗುಂಡವ್ವನ ಹೃದಯದಲ್ಲಿ, ರಕ್ತ ಮೈಗೆಲ್ಲ ಹೊರಡುವ ಹೆಬ್ಬಾಗಿಲಲ್ಲಿ, ಹುಟ್ಟಿದಾಗಿನಿಂದ ಒಂದು ದಿನವೂ ರಜೆ ಹಾಕದೆ ಕೂತಿರುವ ತಮಗೆ ಶರಣು ಶರಣಾರ್ಥಿ. ತಾಲೂಕು ಕಚೇರಿಯ ಸಾಹೇಬರೂ ಊಟಕ್ಕೆ ಏಳುತ್ತಾರೆ, ತಾವು ಏಳಲಿಲ್ಲ. ಆದರೆ ಈಚೆಗೆ ಸುಣ್ಣಗಟ್ಟಿ, ಬಾಗಿಲನ್ನು ಸಂದಿಯಷ್ಟೇ ತೆರೆದು, ರಕ್ತಕ್ಕೆ "ಒಬ್ಬೊಬ್ಬರ ಬರ್ರಿ, ನೂಕಬ್ಯಾಡ್ರಿ" ಎನ್ನುತ್ತಿದ್ದೀರೆಂದು ತಿಳಿದು ನಮ್ಮ ಮನೆತನವೇ ದಂಗಾಗಿದೆ.

ನಿಜ ಹೇಳಬೇಕೆಂದರೆ ನಮ್ಮ ಜಗಳ ತಮ್ಮೊಡನೆ ಇರಲಿಲ್ಲ, ದೊಡ್ಡವ್ವನ ಪಿತ್ತಕೋಶದ ಹರಳುಗಳೊಡನೆ ಇತ್ತು. ರೊಟ್ಟಿಗೆ ಒಂದು ತುತ್ತು ಎಣ್ಣೆಗಾಯಿ ಹಚ್ಚಿಕೊಂಡರೂ ಹೊಟ್ಟೆ ಹಿಡಿದು ಒದ್ದಾಡುವ ಮುದುಕಿ ಹಬ್ಬದ ದಿನವೂ ಅಂಬಲಿ ಕುಡಿಯುತ್ತಾಳೆ. ಹರಳು ತೆಗೆಸಲೆಂದು ಸಿಂದಗಿಯ ಆಸ್ಪತ್ರೆಗೆ ಕರೆದೊಯ್ದರೆ, ಅರವಳಿಕೆ ಕೊಡುವ ಡಾಕ್ಟರ್ ಭಾಗ್ಯಜ್ಯೋತಿ ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ತಾವು ಗರಗರ ಸದ್ದು ಮಾಡಿ ಸಿಕ್ಕಿಬಿದ್ದಿರಿ. ಎಕೋ ಪರೀಕ್ಷೆಯಲ್ಲಿ ತಮ್ಮ ಬಂಡವಾಳ ಪರದೆಯ ಮೇಲೇ ಬಯಲಾಯಿತು.

ಡಾಕ್ಟರು ಕೇಳಿದ್ದು ಒಂದೇ: ಕೆಲಸ ಮಾಡುವಾಗ ಏದುಸಿರು, ದಮ್ಮು ಬರುತ್ತದೆಯೇ? ಬರದಿದ್ದರೆ ಜೋಪಾನದಿಂದ ಹರಳಿಗೆ ಕೈಹಾಕಬಹುದು. ಬರುವುದಾದರೆ ಅರವಳಿಕೆಯಲ್ಲಿ ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರ, ಮೊದಲು ತಮ್ಮ ವಿಲೇವಾರಿ ಆಗಬೇಕು. ದೊಡ್ಡವ್ವ ಎದೆ ಸೆಟೆಸಿ "ಒಂದೀಟೂ ಇಲ್ಲ ಬೇ ಯವ್ವಾ, ಕತ್ತರಿ ತಗೋ" ಎಂದಳು. ಮಗ ಸಿದ್ರಾಮ ಹೌದೆಂದು ತಲೆಯಾಡಿಸಿದ. ಸೊಸೆ ಪಲ್ಲವಿ ಮಾತ್ರ ಸುಮ್ಮನಿರಲಿಲ್ಲ: "ಎಲ್ಲಿಂದ ಬರಬೇಕ್ರಿ ದಮ್ಮು? ಅತ್ತಿ ನೀರು ತರೂದು ಬಿಟ್ಟಾರ, ಮಾಳಿಗಿ ಏರಿ ಮೆಣಸಿನಕಾಯಿ ಹರವೂದು ಬಿಟ್ಟಾರ, ನನಗ ಬೈಯೂದನ್ನೂ ಅರ್ಧಕ್ಕ ನಿಲ್ಲಿಸಿ ಕುಂಡ್ರತಾರ!" ಅಷ್ಟು ಕೇಳಿದ್ದೇ ಡಾಕ್ಟರು ಹರಳಿನ ಆಪರೇಶನ್ ಮುಂದೂಡಿದರು.

ಇದೇ ತಮ್ಮ ಕರಾಮತ್ತು, ಮಾನ್ಯರೇ. ದಬ್ಬಾಳಿಕೆ ಮಾಡುವವರೆಲ್ಲ ಹೀಗೇ. ಮೊದಲು ನಮ್ಮಿಂದ ಒಂದೊಂದೇ ಬಿಡಿಸುತ್ತೀರಿ, ಆಮೇಲೆ "ನಮಗೇನೂ ತ್ರಾಸಿಲ್ರಿ" ಎಂದು ನಮ್ಮ ಬಾಯಿಂದಲೇ ಹೇಳಿಸುತ್ತೀರಿ. ಮುಚ್ಚಿದ ಬಾಗಿಲುಗಳ ಮುಂದೆ ಧರಣಿ ಕೂತು ಪಳಗಿದವರು ನಾವು, ಆದರೆ ದೊಡ್ಡವ್ವನ ಎದೆಯೊಳಗೆ ಪೆಂಡಾಲು ಹಾಕಲು ಜಾಗವಿಲ್ಲ. ಆದ್ದರಿಂದ ಕೈಮುಗಿದು ಕೇಳುತ್ತೇವೆ: ತಾವೇ ಮನಸ್ಸು ಮಾಡಿ ಸುಣ್ಣ ಕೊಡವಿಕೊಂಡು ಸತ್ಯಾಗ್ರಹವಿಲ್ಲದೆ ಪೂರ್ತಿ ತೆರೆಯಬೇಕು, ಆಗದಿದ್ದರೆ ಮರ್ಯಾದೆಯಿಂದ ಜಾಗ ಖಾಲಿ ಮಾಡಬೇಕು. ವಿಜಯಪುರದಲ್ಲಿ ತಮ್ಮನ್ನು ಬದಲಿಸಲು ದಿನ ಗೊತ್ತಾಗಿದೆ. ಹರಳಿನ ಸರದಿ ಆಮೇಲೆ. ಅಲ್ಲಿಯತನಕ ಅಂಬಲಿಯೇ ಗತಿ ಎಂದು ತಿಳಿದ ದೊಡ್ಡವ್ವ, "ಹೊಟ್ಟ್ಯಾಗಿನ ಹರಳ ಹೊಟ್ಟ್ಯಾಗ ಉಳಿಸಿದೆಲ್ಲ ಹಾದಿಗೇಡಿ" ಎಂದು ಜೀವ ಉಳಿಸಿದ ಸೊಸೆಗೇ ಬೈಯುತ್ತಾಳೆ, ಅದೂ ಅರ್ಧಕ್ಕೇ.

ತಮ್ಮ ನಿವೃತ್ತಿಯಲ್ಲಿ ಪೂರ್ಣ ವಿಶ್ವಾಸವುಳ್ಳ,
ಸುಭಾಸ, ಇಂಡಿ

ತಾ.ಕ.: ತಮ್ಮ ಕುರ್ಚಿಗೆ ಬರುವವರನ್ನು ದನದ ಹೃದಯದ ಪೊರೆಯಿಂದ ಮಾಡಿರುತ್ತಾರಂತೆ. ಸುದ್ದಿ ಕೇಳಿ ಊರಿನ ಕೆಲವು ದೊಡ್ಡ ಮಂದಿ ಮುಖ ಕಿವುಚಿದರು. ದೊಡ್ಡವ್ವ ಅಂದದ್ದಿಷ್ಟೇ: "ಸಣ್ಣಾಕಿ ಇದ್ದಾಗಿಂದ ದನಾ ಕಾಯ್ದೇನಿ. ಇನ್ನ ಮ್ಯಾಲ ದನಾನ ನನ್ನ ಕಾಯಲಿ."