ಹಳೇ ಸಂತೆ ಅಂಗಳದ ಬೀಗ

ಶನಿವಾರ ಬೆಳಿಗ್ಗೆ ಲಿಖಿತಾಳ ಸ್ಕೇಟ್‌ಬೋರ್ಡು ಅಂಗಳದಲ್ಲಿ ಒಣಗಲು ಹರವಿದ್ದ ಅಡಿಕೆಗೆ ನುಗ್ಗಿ, ಅರ್ಧ ಅಡಿಕೆ ಚರಂಡಿ ಸೇರಿತು. ಅಡಿಕೆ ಕಾಯಲೆಂದೇ ಕುರ್ಚಿ ಹಾಕಿಕೊಂಡಿದ್ದ ಅಜ್ಜ ಹೂವಯ್ಯನವರು ಆಗ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಪೋಸ್ಟಾಫೀಸಿನಿಂದ ರಿಟೈರಾದ ಮೇಲೆ ಮನೆಯಲ್ಲಿ ಅವರಿಗಿದ್ದದ್ದು ಅದೊಂದೇ ಹುದ್ದೆ.

"ಸಂಜೆಯೊಳಗೆ ಇವಳಿಗೆ ಬೇರೆ ಜಾಗ ನೋಡಿ. ಇಲ್ದಿದ್ರೆ ಆ ಹಲಗೆ ಅಟ್ಟ ಸೇರತ್ತೆ," ಎಂದರು ಹೆಂಡತಿ ಶೇಷಮ್ಮ.

ಶೇಷಮ್ಮ ಅಟ್ಟಕ್ಕೆ ಹಾಕಿದ್ದು ಇಳಿದು ಬಂದ ಇತಿಹಾಸವಿಲ್ಲ. ಹೂವಯ್ಯನವರ ಹಾರ್ಮೋನಿಯಂ ಹತ್ತಿ ಕೂತು ಹತ್ತೊಂಬತ್ತು ವರ್ಷವಾಗಿತ್ತು. ಮೊಮ್ಮಗಳು ಕಣ್ಣೊರೆಸಿಕೊಳ್ಳುತ್ತಾ ಸ್ಕೂಲಿಗೆ ಹೋದದ್ದು ನೋಡಿ ಅಜ್ಜನಿಗೆ ಕರುಳು ಚುರುಕ್ಕೆಂದಿತು.

ರಿಪ್ಪನ್‌ಪೇಟೆಯಲ್ಲಿ ಜಾಗಕ್ಕೇನು ಬರವಿಲ್ಲ. ಅವರ ಬೀದಿಯ ಕೊನೆಯಲ್ಲೇ ಹಳೇ ಸಂತೆಯ ಸಿಮೆಂಟ್ ಅಂಗಳವಿತ್ತು. ನುಣ್ಣನೆ ನೆಲ, ಸುತ್ತ ಕಾಂಪೌಂಡು, ಆದರೆ ಗೇಟಿಗೆ ಆರು ವರ್ಷದಿಂದ ಪಂಚಾಯ್ತಿ ಬೀಗ. ಮಕ್ಕಳ ಸ್ಕೇಟಿಂಗಿಗೆ ಬೀಗ ತೆಗೆಸಿಕೊಡಿ ಎಂದು ಹೂವಯ್ಯ ಅರ್ಜಿ ಬರೆದು, ಊರವರ ಸಹಿಗೆ ಹೊರಟರು.

ಮೊದಲು ಸಿಕ್ಕಿದ್ದು ಪಕ್ಕದ ಮನೆ ದುಗ್ಗಮ್ಮ, ಕದ ತೆಗೆಯಲೂ ಹತ್ತು ಪ್ರಶ್ನೆ ಕೇಳುವ ಹೆಂಗಸು.

"ಅಲ್ಲಿ ಬಿಸ್ಲು ಎಷ್ಟೊತ್ತಿನ ತನಕ ಇರತ್ತೆ ಹೂವಯ್ಯ?"

"ಐದರ ತನಕ ಚೆನ್ನಾಗಿರತ್ತೆ ದುಗ್ಗಕ್ಕ."

"ದನ ನುಗ್ಗಲ್ಲ ತಾನೆ?"

"ಕಾಂಪೌಂಡಿದೆಯಲ್ಲ."

"ಪಾಪ, ಆಡ್ಲಿ ಬಿಡಿ ಮಕ್ಕಳು," ಎಂದ ದುಗ್ಗಮ್ಮ ತಾವು ಸಹಿ ಹಾಕಿದ್ದಲ್ಲದೆ ಸೊಸೆಯ ಕೈಲೂ ಹಾಕಿಸಿದರು.

ಎದುರು ಮನೆ ನಾಗೇಂದ್ರ ನೆಲ ಬಿರುಕು ಬಿಟ್ಟಿಲ್ಲ ತಾನೆ ಎಂದು ವಿಚಾರಿಸಿದ. ಮೂಲೆ ಮನೆ ಬಾಲು ಗೇಟಿನ ಅಗಲ ಕೇಳಿದ. ಪರರ ಮಕ್ಕಳ ಮೇಲೆ ಇಷ್ಟು ಕಾಳಜಿಯೇ ಎಂದು ಹೂವಯ್ಯನವರ ಎದೆ ತುಂಬಿ ಬಂತು. ಹನ್ನೊಂದರೊಳಗೆ ಮೂವತ್ತೆರಡು ಮನೆಯ ಸಹಿ ಸಿಕ್ಕಿತು. ಈ ಜನರನ್ನು ಇಷ್ಟು ದಿನ ತಪ್ಪು ತಿಳಿದಿದ್ದೆನಲ್ಲ ಎಂದು ಒಳಗೊಳಗೇ ನಾಚಿಕೊಂಡರು.

ಪಂಚಾಯ್ತಿ ಅಧಿಕಾರಿ ಮುಕುಂದಯ್ಯ ಅರ್ಜಿಯನ್ನು ಎರಡು ಸಲ ಓದಿದರು. "ಬೀಗದ ಕೈ ಕೊಡ್ತೀನಿ. ಆದ್ರೆ ಒಳಗೆ ಏನೇ ಆದ್ರೂ ನೀವೇ ಜವಾಬ್ದಾರಿ. ದಿನಾ ಸಂಜೆ ಗೇಟು ಮುಚ್ಚೋ ತನಕ ಅಲ್ಲೇ ಇರ್ಬೇಕು."

"ಅದಕ್ಕೇನಂತೆ ಸಾರ್," ಎಂದು ಹೂವಯ್ಯ ಬರೆದುಕೊಟ್ಟರು.

ತುಕ್ಕು ಹಿಡಿದ ಬೀಗಕ್ಕೆ ಎಣ್ಣೆ ಬಿಟ್ಟು ತೆಗೆದದ್ದಾಯಿತು, ಸೊಂಟ ಹಿಡಿದುಕೊಳ್ಳುತ್ತಾ ಅಷ್ಟೂ ನೆಲ ಗುಡಿಸಿದ್ದಾಯಿತು. ಮತ್ತೆ ಹಾಕಿದರೆ ಬೀಗ ಕಚ್ಚಿಕೊಂಡೀತೆಂದು ಗೇಟನ್ನು ಸುಮ್ಮನೆ ಎಳೆದು ಮನೆಗೆ ಬಂದರು. ಉಂಡು, ಗೆದ್ದವರ ನಿದ್ದೆ ತೆಗೆದರು.

ಎದ್ದಾಗ ಎರಡು ಗಂಟೆ. ಶೇಷಮ್ಮ ಕಾಣಲಿಲ್ಲ. ಅಂಗಳದ ಅಡಿಕೆಯೂ ಇರಲಿಲ್ಲ, ಒಳಗೆ ತುಂಬಿಟ್ಟಿರಬೇಕು ಅಂದುಕೊಂಡರು. ಲಿಖಿತಾಳನ್ನೂ ಅವಳ ನಾಲ್ಕು ಗೆಳತಿಯರನ್ನೂ ಮೆರವಣಿಗೆಯಂತೆ ಕರೆದುಕೊಂಡು ಹೋಗಿ ಗೇಟು ತಳ್ಳಿದರು.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಈ ಗೋಡೆಯಿಂದ ಆ ಗೋಡೆಗೆ ಬರೀ ಅಡಿಕೆ. ಬಾಲು ಗಾಡಿಯಿಂದ ಇನ್ನೂ ಚೀಲ ಇಳಿಸುತ್ತಿದ್ದ.

"ನಾವೂ ಸಹಿ ಹಾಕಿದೀವಲ್ಲ ಹೂವಯ್ಯ," ಎಂದರು ದುಗ್ಗಮ್ಮ, ಅಡಿಕೆಯಲ್ಲಿ ಕೈಯಾಡಿಸುತ್ತಾ.

ಗೇಟಿನ ಹತ್ತಿರದ ಮೊದಲ ಹರವು ಶೇಷಮ್ಮನದು. "ನಮ್ಮಂಗಳಕ್ಕೆ ಒಂದು ಗಂಟೆಗೆಲ್ಲ ನೆರಳು ಬರತ್ತೆ. ಇಷ್ಟು ದಿನಕ್ಕೆ ಒಂದು ಉಪಕಾರದ ಕೆಲ್ಸ ಮಾಡಿದ್ರಿ," ಎಂದರು.

ಲಿಖಿತಾ ಒಂದು ಗಳಿಗೆ ಯೋಚಿಸಿದಳು. "ಅಜ್ಜ, ಹಾಗಾದ್ರೆ ನಮ್ಮಂಗಳ ಖಾಲಿ ಇದೆಯಲ್ಲ." ಐದೂ ಹುಡುಗಿಯರು ಬೋರ್ಡು ಎತ್ತಿಕೊಂಡು ಮನೆ ಕಡೆ ಓಡಿದರು. ಶೇಷಮ್ಮ ತಡೆಯಲಿಲ್ಲ.

ಹೂವಯ್ಯನವರೂ ಹಿಂದೆಯೇ ಹೊರಟರು. ಶೇಷಮ್ಮ ಮನೆಯಿಂದ ತಂದಿದ್ದ ಕುರ್ಚಿಯನ್ನೂ ಕೋಲನ್ನೂ ಮುಂದೆ ಇಟ್ಟರು. "ನೀವೆಲ್ಲಿಗೆ? ಗೇಟು ಮುಚ್ಚೋ ತನಕ ಇಲ್ಲೇ ಇರ್ತೀನಿ ಅಂತ ಬರ್ಕೊಟ್ಟಿದೀರಂತಲ್ಲ. ಮೂವತ್ತೆರಡು ಮನೆ ಅಡಿಕೆ, ನಿದ್ದೆ ಮಾಡ್ಬೇಡಿ ಮತ್ತೆ."